ಕಾಗದ, ಅಂಟು, ಹುರಿ: ಕಡಿಮೆ ಖರ್ಚಿನಲ್ಲಿ ಅಲಂಕಾರ ಮತ್ತು ಉಡುಗೊರೆ ಚೀಲ

ಮನೆಯಲ್ಲೇ ಮಾಡಿದ ಅಲಂಕಾರ ಸಪ್ಪೆಯಾಗಿ ಕಂಡರೆ ಅದಕ್ಕೆ ಅಗ್ಗದ ಸಾಮಾನು ಕಾರಣವಲ್ಲ. ಮಡಿಕೆ ಬಿರುಕು ಬಿಟ್ಟಿರುತ್ತದೆ, ಅಂಟು ಜಾಸ್ತಿಯಾಗಿ ಕಾಗದ ಸುಕ್ಕಾಗಿರುತ್ತದೆ, ಇಲ್ಲವೇ ಅಂಚು ಓರೆಯಾಗಿರುತ್ತದೆ. ಈ ಮೂರನ್ನು ಹಿಡಿತಕ್ಕೆ ತಂದುಕೊಂಡರೆ ಸಾದಾ ಎ4 ಹಾಳೆಯಲ್ಲೂ ಕಣ್ಣಿಗೆ ತುಂಬುವ ಕೆಲಸ ಮಾಡಬಹುದು. ಬೇಕಾದ ಸಲಕರಣೆಯೂ ಕಡಿಮೆ: ಸ್ಟೀಲ್ ಸ್ಕೇಲು, ಹೊಸ ಬ್ಲೇಡಿನ ಕಟರ್, ಕತ್ತರಿ, ಇಂಕು ಮುಗಿದ ಬಾಲ್‌ಪೆನ್ನು, ಬಿಳಿ ಅಂಟು, ಗ್ಲೂ ಸ್ಟಿಕ್, ಹುರಿ, ನಾಲ್ಕಾರು ಬಟ್ಟೆ ಕ್ಲಿಪ್ಪು.

ಮೊದಲು ನಾರಿನ ದಿಕ್ಕು

ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿನಲ್ಲೇ ಮಡಿಚಿದರೆ ಮಡಿಕೆ ಚೂಪಾಗಿ, ನೇರವಾಗಿ ಕೂರುತ್ತದೆ. ಅಡ್ಡಲಾಗಿ ಮಡಿಚಿದರೆ ನಾರು ಮುರಿದು ಬಣ್ಣದ ಪದರ ಸಿಡಿಯುತ್ತದೆ, ಮಡಿಚಿದ್ದು ಮತ್ತೆ ಬಿಚ್ಚಿಕೊಳ್ಳಲು ನೋಡುತ್ತದೆ. ದಪ್ಪ ಕಾಗದದಲ್ಲಿ ಇದು ಎದ್ದು ಕಾಣುತ್ತದೆ.

ದಿಕ್ಕು ಪತ್ತೆ ಹಚ್ಚಲು ಹಾಳೆಯನ್ನು ಮೇಜಿನ ಮೇಲಿಟ್ಟು, ಮಡಿಕೆ ಬೀಳದಂತೆ ಒಮ್ಮೆ ಉದ್ದಕ್ಕೂ ಒಮ್ಮೆ ಅಗಲಕ್ಕೂ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ. ಯಾವ ಕಡೆ ಕಡಿಮೆ ಪ್ರತಿರೋಧವಿದೆಯೋ, ಆ ಬಾಗಿನ ಗೆರೆಗೆ ಸಮಾನಾಂತರವಾಗಿ ನಾರು ಇದೆ. ಅನುಮಾನವಿದ್ದರೆ ಮೂಲೆಯ ಚೂರೊಂದನ್ನು ಹರಿದು ನೋಡಿ: ನಾರಿನ ಜೊತೆ ಹರಿದರೆ ನೇರ ಹೋಗುತ್ತದೆ, ಅಡ್ಡ ಹರಿದರೆ ಅಂಕುಡೊಂಕು. ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ನಾರು ಉದ್ದದ ದಿಕ್ಕಿಗಿರುತ್ತದೆ, ಆದರೂ ಹೊಸ ಕಟ್ಟು ಒಡೆದಾಗಲೆಲ್ಲ ಒಮ್ಮೆ ಪರೀಕ್ಷಿಸಿ.

ಶುಭಾಶಯ ಕಾರ್ಡಿನಲ್ಲಿ ಇದರ ಪರಿಣಾಮ ತಕ್ಷಣ ತಿಳಿಯುತ್ತದೆ. 250 ಜಿಎಸ್‌ಎಂನ (ಚದರ ಮೀಟರಿಗೆ 250 ಗ್ರಾಂ ತೂಗುವ ದಪ್ಪ ಕಾಗದದ) ಇಡೀ ಎ4 ಹಾಳೆಯನ್ನು ಅರ್ಧಕ್ಕೆ ಮಡಿಚಿದರೆ ಮಡಿಕೆ ನಾರಿಗೆ ಅಡ್ಡ ಬಿದ್ದು ಬಿರಿಯುತ್ತದೆ. ಅದೇ ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ, ಸಿಕ್ಕ ತುಂಡಿನ 21 ಸೆಂ.ಮೀ. ಬದಿಯಲ್ಲಿ 10.5ಕ್ಕೆ ಗುರುತು ಹಾಕಿ ಮಡಿಚಿದರೆ ನಾರಿನ ಗುಂಟ ಮಡಿಕೆ ಬರುತ್ತದೆ. ಒಂದು ಹಾಳೆಗೆ ಎರಡು ಕಾರ್ಡೂ ಸಿಗುತ್ತವೆ. ಮಡಿಚುವ ಮುನ್ನ ಸ್ಕೇಲು ಇಟ್ಟು ಇಂಕಿಲ್ಲದ ಪೆನ್ನಿನಿಂದ ಎರಡು ಸಲ ಗೀರಿ. ಮಡಿಚಿದ ಮೇಲೆ ಚಮಚದ ಬೆನ್ನಿನಿಂದ ಉಜ್ಜಿ. ನಡುವೆ ಒಂದು ಚೂರು ಕಾಗದ ಇಟ್ಟುಕೊಂಡು ಉಜ್ಜಿದರೆ ಹೊಳಪಿನ ಕಲೆ ಬೀಳುವುದಿಲ್ಲ.

ನೆರಿಗೆ ಚಕ್ರ

ಗೋಡೆಯ ಅಲಂಕಾರಕ್ಕೆ ಇದಕ್ಕಿಂತ ಕಡಿಮೆ ಖರ್ಚಿನದು ಸಿಗುವುದು ಕಷ್ಟ. ಒಂದು ಎ4 ಹಾಳೆಗೆ 14 ಸೆಂ.ಮೀ. ಅಗಲದ ಒಂದು ಚಕ್ರ. ಹಾಳೆಯನ್ನು ಅಡ್ಡಲಾಗಿ, 7 ಸೆಂ.ಮೀ. ಅಗಲ ಮತ್ತು 21 ಸೆಂ.ಮೀ. ಉದ್ದದ ನಾಲ್ಕು ಪಟ್ಟಿಗಳಾಗಿ ಕತ್ತರಿಸಿ. ಉದ್ದುದ್ದ ಪಟ್ಟಿ ಕತ್ತರಿಸುವ ಆಸೆ ಬೇಡ, ಆಗ ಪ್ರತಿ ನೆರಿಗೆಯೂ ನಾರಿಗೆ ಅಡ್ಡ ಬೀಳುತ್ತದೆ.

ಪ್ರತಿ ಪಟ್ಟಿಗೂ 1 ಸೆಂ.ಮೀ.ಗೆ ಒಂದು ಗೀರು ಹಾಕಿ ಹಿಂದೆ ಮುಂದೆ ಮಡಿಚುತ್ತಾ ಹೋದರೆ 21 ನೆರಿಗೆ ಸಿಗುತ್ತದೆ. ಒಂದು ಪಟ್ಟಿಯ ಕೊನೆಯ ನೆರಿಗೆಯ ಮೇಲೆ ಮುಂದಿನದರ ಮೊದಲ ನೆರಿಗೆಯನ್ನು ಕೂರಿಸಿ ಅಂಟಿಸಿ. ನಾಲ್ಕೂ ಸೇರಿ ಉಂಗುರವಾದಾಗ 80 ನೆರಿಗೆ ಉಳಿಯುತ್ತದೆ. ಈ ಸಂಖ್ಯೆ ಸರಿಸಂಖ್ಯೆಯೇ ಆಗಿರಬೇಕು, ಇಲ್ಲದಿದ್ದರೆ ಕೊನೆಯ ಜೋಡಣೆಯಲ್ಲಿ ಏರಿನ (ಮೇಲಕ್ಕೆ ಎದ್ದ) ಮಡಿಕೆಗೆ ಏರಿನ ಮಡಿಕೆಯೇ ಎದುರಾಗಿ ಅಲ್ಲೊಂದು ಗಂಟು ಕಾಣುತ್ತದೆ.

ಎಷ್ಟು ಉದ್ದದ ಪಟ್ಟಿ ಬೇಕು ಎಂಬುದಕ್ಕೆ ಲೆಕ್ಕವಿದೆ. ಪಟ್ಟಿಯ ಅಗಲವೇ ಚಕ್ರದ ತ್ರಿಜ್ಯ. 7 ಸೆಂ.ಮೀ. ತ್ರಿಜ್ಯದ ಚಕ್ರದ ಸುತ್ತಳತೆ ಸುಮಾರು 44 ಸೆಂ.ಮೀ. ಪಟ್ಟಿಯ ಒಟ್ಟು ಉದ್ದವೂ 44 ಇದ್ದರೆ ಹೊರ ಅಂಚಿನಲ್ಲಿ ನೆರಿಗೆಯೇ ಉಳಿಯದೆ ಕಾಗದ ಚಪ್ಪಟೆಯಾಗುತ್ತದೆ ಅಥವಾ ಹರಿಯುತ್ತದೆ. ಸುತ್ತಳತೆಯ ಒಂದೂಮುಕ್ಕಾಲು ಪಟ್ಟು ಇದ್ದರೆ ನೆರಿಗೆ ತುಂಬಿಕೊಂಡು ಕಾಣುತ್ತದೆ. ದೊಡ್ಡ ಚಕ್ರ ಬೇಕಾದರೂ ಇದೇ ಲೆಕ್ಕ.

ಉಂಗುರವನ್ನು ನಿಲ್ಲಿಸಿ ಮೇಲಿನ ಅಂಚನ್ನು ಒಳಕ್ಕೆ ಒತ್ತುತ್ತಾ ಮೇಜಿನ ಮೇಲೆ ಮಲಗಿಸಿ. ಇಲ್ಲೇ ಎಲ್ಲರಿಗೂ ತೊಂದರೆಯಾಗುವುದು: ಕೈ ಬಿಟ್ಟರೆ ಸ್ಪ್ರಿಂಗಿನಂತೆ ಚಿಮ್ಮಿ ಏಳುತ್ತದೆ. 4 ಸೆಂ.ಮೀ. ಅಗಲದ ಎರಡು ರಟ್ಟಿನ ಬಿಲ್ಲೆಗಳನ್ನು ಮೊದಲೇ ಕತ್ತರಿಸಿಟ್ಟುಕೊಳ್ಳಿ. ಒಂದಕ್ಕೆ ದಪ್ಪವಾಗಿ ಬಿಳಿ ಅಂಟು ಹಚ್ಚಿ ಮಧ್ಯಕ್ಕೆ ಒತ್ತಿ, ಮೇಲೆ ನೀರು ತುಂಬಿದ ಲೋಟ ಇಟ್ಟು ಅರ್ಧ ಗಂಟೆ ಬಿಡಿ. ನಂತರ ತಿರುವಿ ಹಿಂಬದಿಗೂ ಒಂದು ಬಿಲ್ಲೆ. ಹಾಟ್ ಗ್ಲೂ ಗನ್ ಇದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಆದರೆ ಬೆರಳು ಸುಡುತ್ತದೆ. ಕೈಯಿಂದಲ್ಲ, ಚಮಚದಿಂದ ಒತ್ತಿ.

ಟಿಶ್ಯೂ ಚೆಂಡು

ಕೈ ಒರೆಸುವ ಟಿಶ್ಯೂ ಅಲ್ಲ, ಉಡುಗೊರೆ ಸುತ್ತುವ ತೆಳು ಬಣ್ಣದ ಕಾಗದ. 50×70 ಸೆಂ.ಮೀ. ಹಾಳೆ ಎಂಟು. ಒಂದರ ಮೇಲೊಂದು ಜೋಡಿಸಿ, 70 ಸೆಂ.ಮೀ. ಉದ್ದಕ್ಕೂ ಸುಮಾರು 4 ಸೆಂ.ಮೀ. ಅಗಲದ ನೆರಿಗೆ ಹಿಡಿಯಿರಿ. 50 ಸೆಂ.ಮೀ. ಉದ್ದದ ಪಟ್ಟಿಯಾಗುತ್ತದೆ, ಚೆಂಡಿನ ಅಗಲವೂ ಅಷ್ಟೇ ಆಗುತ್ತದೆ. ಸರಿಯಾಗಿ ನಡುವಿಗೆ ದಾರ ಕಟ್ಟಿ, ತೂಗುಹಾಕಲು ಒಂದು ಮೀಟರ್ ದಾರ ಉಳಿಸಿಕೊಳ್ಳಿ. ಬಿಗಿದು ಕಟ್ಟಿದರೆ ಕಾಗದ ಅಲ್ಲೇ ಕೊಯ್ದು ಹೋಗುತ್ತದೆ. ಪಟ್ಟಿ ಜಾರದಷ್ಟು ಬಿಗಿ ಸಾಕು.

ತುದಿಗಳನ್ನು ಗುಂಡಾಗಿ ಕತ್ತರಿಸಿದರೆ ಮೃದುವಾದ ಚೆಂಡು, ಮೊನಚಾಗಿ ಕತ್ತರಿಸಿದರೆ ಡೇಲಿಯಾ ಹೂವಿನ ರೂಪ. ನೆರಿಗೆಯೆಲ್ಲ ಸೇರಿ ನೂರಕ್ಕೂ ಹೆಚ್ಚು ಪದರ ಇರುವುದರಿಂದ ಕತ್ತರಿ ಒಂದೇ ಏಟಿಗೆ ಹೋಗುವುದಿಲ್ಲ, ಹಟ ಮಾಡಿದರೆ ಅಂಚು ಜಜ್ಜುತ್ತದೆ. ಎರಡು ಮೂರು ನೆರಿಗೆ ಕತ್ತರಿಸಿ, ಅದನ್ನೇ ಅಳತೆಯಾಗಿಟ್ಟು ಉಳಿದದ್ದನ್ನು ಕತ್ತರಿಸಿ.

ಬಿಡಿಸುವುದು ತಾಳ್ಮೆಯ ಕೆಲಸ. ಒಂದು ಬದಿಯ ಎಂಟು ಹಾಳೆಗಳಲ್ಲಿ ನಾಲ್ಕು ಮೇಲಕ್ಕೆ, ನಾಲ್ಕು ಕೆಳಕ್ಕೆ. ತುದಿ ಹಿಡಿದು ಎಳೆದರೆ ಹರಿಯುತ್ತದೆ. ಬೆರಳನ್ನು ದಾರದ ಹತ್ತಿರದವರೆಗೂ ಒಳಗೆ ತೂರಿಸಿ ಬುಡದಿಂದ ಎತ್ತಿ. ಮೊದಲ ಹಾಳೆಯನ್ನು ನೆಟ್ಟಗೆ ನಿಲ್ಲುವಷ್ಟು ಎತ್ತದಿದ್ದರೆ ಉಳಿದವಕ್ಕೆ ಜಾಗ ಸಾಲದೆ ಚೆಂಡು ಚಪ್ಪಟೆಯಾಗುತ್ತದೆ. ಬೇರೆ ಕಡೆಗೆ ಒಯ್ಯಬೇಕಿದ್ದರೆ ಕಟ್ಟಿ, ಕತ್ತರಿಸಿ, ಮಡಿಚಿದ ಹಾಗೆಯೇ ಒಯ್ದು ಅಲ್ಲಿ ಬಿಡಿಸಿ. ಬಿಡಿಸಿದ ಚೆಂಡು ಚೀಲದಲ್ಲಿ ಒಮ್ಮೆ ಅಮುಕಿದರೆ ಮತ್ತೆ ಸರಿಯಾಗುವುದಿಲ್ಲ.

ಉಡುಗೊರೆ ಚೀಲ

ಹಳೆಯ ಕ್ಯಾಲೆಂಡರ್ ಹಾಳೆ ಇದಕ್ಕೆ ಬಲು ಚೆಂದ. ಪತ್ರಿಕೆಯ ಕಾಗದ ಒಂಟಿಯಾಗಿ ತಡೆಯದು, ಮಸಿಯೂ ಕೈಗೆ ಹತ್ತುತ್ತದೆ. ಎ3 ಅಳತೆಗೆ, ಅಂದರೆ 42×29.7 ಸೆಂ.ಮೀ.ಗೆ ಕತ್ತರಿಸಿಕೊಳ್ಳಿ. ಮೊದಲು ಉದ್ದದ ಒಂದು ಅಂಚನ್ನು 4 ಸೆಂ.ಮೀ. ಒಳಕ್ಕೆ ಮಡಿಚಿ, ಅದು ಬಾಯಿ. ಈಗ 42 ಸೆಂ.ಮೀ. ಅಗಲದಲ್ಲಿ ಎಡದಿಂದ 13, 7, 13, 7, 2 ಹೀಗೆ ಮೇಲಿಂದ ಕೆಳಕ್ಕೆ ಗೀರುಗಳನ್ನು ಹಾಕಿ. 13 ಎಂದರೆ ಮುಂದು ಹಿಂದು, 7 ಎಂದರೆ ಪಕ್ಕ, ಕೊನೆಯ 2 ಅಂಟಿಸುವ ಅಂಚು. ಅಂಟಿಸಿದರೆ ಕೊಳವೆಯಾಗುತ್ತದೆ.

ತಳಕ್ಕೆ ಕೆಳಗಿನಿಂದ 5 ಸೆಂ.ಮೀ. ಮಡಿಚಿ ಬಿಚ್ಚಿ. ಎರಡೂ ಪಕ್ಕಗಳನ್ನು ಮೊದಲು ಒಳಕ್ಕೆ ತಳ್ಳಿ, ಬಳಿಕ ಹಿಂದಿನ ಮತ್ತು ಮುಂದಿನ ಪಾಲನ್ನು ತಂದು ಒಂದರ ಮೇಲೊಂದು ಅಂಟಿಸಿ, 3 ಸೆಂ.ಮೀ. ಒಂದನ್ನೊಂದು ಆವರಿಸುತ್ತದೆ. ಈ ಜೋಡಣೆ 3 ಸೆಂ.ಮೀ.ಗಿಂತ ಕಡಿಮೆಯಾದರೆ ಭಾರ ಬಿದ್ದಾಗ ಬಾಯಿ ಬಿಡುತ್ತದೆ. ಒಳಗೆ 12.8×6.8 ಸೆಂ.ಮೀ. ರಟ್ಟನ್ನು ಹಾಸಿ. ಬಾಯಿಯ ಮಡಿಕೆಯೊಳಗೂ, ಮುಂದೆ ಹಿಂದೆ 12.5×3.5 ಸೆಂ.ಮೀ.ನ ಒಂದೊಂದು ರಟ್ಟಿನ ಪಟ್ಟಿ ಇಟ್ಟು ಅಂಟಿಸಿ. ಇದನ್ನು ಬಿಟ್ಟವರ ಚೀಲ ಹಿಡಿಕೆಯ ತೂತಿನಲ್ಲೇ ಹರಿಯುತ್ತದೆ. ಅಂಚಿನಿಂದ 2 ಸೆಂ.ಮೀ. ಕೆಳಗೆ, 6 ಸೆಂ.ಮೀ. ಅಂತರದಲ್ಲಿ ಎರಡೆರಡು ತೂತು ಮಾಡಿ, 35 ಸೆಂ.ಮೀ. ಹುರಿ ಪೋಣಿಸಿ ಒಳಗೆ ಗಂಟು ಹಾಕಿ.

ಅಂಟಿನ ವಿಷಯದಲ್ಲಿ ಜಿಪುಣತನ ಒಳ್ಳೆಯದು. ಬಿಳಿ ಅಂಟಿನಲ್ಲಿರುವ ನೀರನ್ನು ನಾರು ಹೀರಿ ಉಬ್ಬುವುದರಿಂದಲೇ ಕಾಗದ ಅಲೆಅಲೆಯಾಗುವುದು. ಜೋಡಣೆಯ ಅಂಚುಗಳಿಗೆ ಮಾತ್ರ ತೆಳುವಾಗಿ ಬಿಳಿ ಅಂಟು ಸವರಿ ಕ್ಲಿಪ್ಪು ಹಾಕಿ. ಅಗಲವಾದ ಜಾಗಕ್ಕೆ ಗ್ಲೂ ಸ್ಟಿಕ್ ಅಥವಾ ಎರಡೂ ಬದಿ ಅಂಟುವ ಟೇಪು.

ಗಾಜಿನ ಜಾಡಿ ದೀಪ

ಖಾಲಿ ಜಾಡಿಯನ್ನು ಬಿಸಿನೀರಲ್ಲಿ ನೆನೆಸಿ ಲೇಬಲ್ ತೆಗೆಯಿರಿ. ಉಳಿದ ಜಿಗುಟಿಗೆ ಅಡುಗೆ ಎಣ್ಣೆ ಮತ್ತು ಅಡುಗೆ ಸೋಡಾ ಸಮ ಪ್ರಮಾಣದಲ್ಲಿ ಕಲಸಿ ಉಜ್ಜಿ, ಸೋಪಿನಿಂದ ತೊಳೆಯಿರಿ. ಎಣ್ಣೆಯ ಪಸೆ ಉಳಿದರೆ ಅಂಟು ಹಿಡಿಯುವುದಿಲ್ಲ. ಎರಡು ಪಾಲು ಬಿಳಿ ಅಂಟಿಗೆ ಒಂದು ಪಾಲು ನೀರು ಬೆರೆಸಿ. ಟಿಶ್ಯೂವನ್ನು ಕತ್ತರಿಸುವ ಬದಲು ಹರಿದರೆ ಅಂಚುಗಳು ಒಂದರಲ್ಲೊಂದು ಬೆರೆಯುತ್ತವೆ. ಬ್ರಷ್ಷಿನಿಂದ ಗಾಜಿಗೆ ಅಂಟು ಹಚ್ಚಿ, ಚೂರುಗಳನ್ನು ಅರ್ಧ ಸೆಂ.ಮೀ. ಒಂದರ ಮೇಲೊಂದು ಬರುವಂತೆ ಕೂರಿಸಿ, ಮೇಲೆ ಇನ್ನೊಂದು ಲೇಪ ಕೊಡಿ. ಕೆಂಪಿನ ಮೇಲೆ ಹಸಿರು ಬಂದರೆ ಬೆಳಕಿನಲ್ಲಿ ಮಣ್ಣುಬಣ್ಣವಾಗುತ್ತದೆ. ಹಳದಿ, ಕಿತ್ತಳೆ, ಕೆಂಪಿನಂಥ ಅಕ್ಕಪಕ್ಕದ ಬಣ್ಣ ಆರಿಸಿ. ಕೆಲವು ಟಿಶ್ಯೂ ನೀರು ತಾಗಿದರೆ ಬಣ್ಣ ಬಿಡುತ್ತದೆ, ಒದ್ದೆ ಬೆರಳಿನಿಂದ ಒಮ್ಮೆ ಒರೆಸಿ ನೋಡಿ. ಒಳಗೆ ಬ್ಯಾಟರಿಯ ಎಲ್‌ಇಡಿ ದೀಪ ಮಾತ್ರ ಇಡಿ, ಕಾಗದದ ಹತ್ತಿರ ಮೇಣದಬತ್ತಿ ಬೇಡವೇ ಬೇಡ.

ಉಪ್ಪಿನ ಹಿಟ್ಟಿನ ಹೆಸರು ಬಿಲ್ಲೆ

ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಮುಕ್ಕಾಲರಿಂದ ಒಂದು ಕಪ್ ನೀರು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಹತ್ತು ನಿಮಿಷ ನಾದಿ, 5 ಮಿ.ಮೀ. ದಪ್ಪಕ್ಕೆ ಲಟ್ಟಿಸಿ. ಹುರಿಯ ತೂತನ್ನು ಹಸಿಯಿದ್ದಾಗಲೇ ಸ್ಟ್ರಾದಿಂದ ಮಾಡಿ. ಓವನ್ನಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ಗಂಟೆ, ನಡುವೆ ಒಮ್ಮೆ ತಿರುವಿ. ಶಾಖ ಹೆಚ್ಚಿದರೆ ಬೊಬ್ಬೆ ಏಳುತ್ತದೆ. ಉಪ್ಪು ಗಾಳಿಯ ತೇವ ಹೀರುವುದರಿಂದ ಬಣ್ಣ ಹಚ್ಚಿದ ಮೇಲೆ ಎರಡೂ ಮುಖಕ್ಕೆ, ತೂತಿನ ಒಳಗೂ ವಾರ್ನಿಷ್ ಬಳಿಯಬೇಕು. ತಿನ್ನುವ ವಸ್ತುವಲ್ಲ ಎಂದು ಮಕ್ಕಳಿಗೆ ಹೇಳಿ. ನಾಯಿಗೆ ಸಿಗದಂತೆ ಎತ್ತರದಲ್ಲಿಡಿ, ಅಷ್ಟೊಂದು ಉಪ್ಪು ಅದರ ಜೀವಕ್ಕೇ ಅಪಾಯ.