ಸೊನ್ನೆ ಬೈ ಸೊನ್ನೆ ಬಂದಾಗ ನಾನು ಮಾಡುವುದು

ಮಂಡ್ಯದಲ್ಲಿ ಪದವಿ ಮೊದಲ ವರ್ಷದವರಿಗೆ ಕ್ಯಾಲ್ಕುಲಸ್ ಹೇಳಿಕೊಡುತ್ತೇನೆ. ಲಿಮಿಟ್ ಲೆಕ್ಕ (ಎಕ್ಸ್ ಒಂದು ಬೆಲೆಯ ಹತ್ತಿರ ಹೋದಾಗ ಉತ್ತರ ಯಾವುದರ ಹತ್ತಿರ ಹೋಗುತ್ತದೆ ಎಂಬುದು) ಕಂಡ ಕೂಡಲೇ ಹೆಚ್ಚಿನವರು ಸೂತ್ರಕ್ಕೆ ತಡಕಾಡುತ್ತಾರೆ. ನಾನು ಮೊದಲು ಡೊಮೇನ್, ಅಂದರೆ ಎಕ್ಸ್‌ಗೆ ಯಾವ ಬೆಲೆ ಹಾಕಬಹುದು ಎಂಬುದನ್ನು ಬರೆಸುತ್ತೇನೆ, ಆಮೇಲೆ ಕ್ಯಾಲ್ಕುಲೇಟರ್ ಒತ್ತಿಸುತ್ತೇನೆ. ಬೀಜಗಣಿತ ಕೊನೆಗೆ.

ಈ ಲೆಕ್ಕ ನೋಡಿ: ಎಕ್ಸ್ 2ರ ಹತ್ತಿರ ಹೋದಾಗ (√(ಎಕ್ಸ್ + 7) − 3) ÷ (ಎಕ್ಸ್ − 2). ವರ್ಗಮೂಲದೊಳಗೆ ಋಣಸಂಖ್ಯೆ ಬರಬಾರದು, ಛೇದ ಸೊನ್ನೆಯಾಗಬಾರದು. ಹಾಗಾಗಿ ಎಕ್ಸ್ −7 ಅಥವಾ ಅದಕ್ಕಿಂತ ಹೆಚ್ಚಿರಬೇಕು, 2 ಮಾತ್ರ ಆಗಬಾರದು. 2 ಹಾಕಿದರೆ 0/0. ಇಲ್ಲಿಗೇ ‘ಲಿಮಿಟ್ ಇಲ್ಲ’ ಎಂದು ಬರೆದು ಮುಂದಿನ ಲೆಕ್ಕಕ್ಕೆ ಹಾರುವವರೇ ಜಾಸ್ತಿ. 0/0 ಅಂದರೆ ಇನ್ನೂ ಏನೂ ತೀರ್ಮಾನವಾಗಿಲ್ಲ ಅಂತಷ್ಟೇ. 3/0 ಬಂದಿದ್ದರೆ ಮಾತು ಬೇರೆ.

ಈಗ ಎರಡೂ ಕಡೆಯಿಂದ ಬೆಲೆ ಹಾಕಿ. 1.9ಕ್ಕೆ 0.1671, 1.99ಕ್ಕೆ 0.1667, ಆ ಕಡೆ 2.1ಕ್ಕೆ 0.1662, 2.01ಕ್ಕೆ 0.1666. ಉತ್ತರ 1/6ರ ಸುತ್ತಲೇ ಇದೆ ಎಂಬುದು ಗೊತ್ತಾಯಿತು. ಇನ್ನು ಅಂಶ, ಛೇದ ಎರಡನ್ನೂ √(ಎಕ್ಸ್ + 7) + 3ರಿಂದ ಗುಣಿಸಿ. ಅಂಶ ಎಕ್ಸ್ + 7 − 9, ಅಂದರೆ ಎಕ್ಸ್ − 2 ಆಗುತ್ತದೆ. ಛೇದವನ್ನು ಮಾತ್ರ ಬಿಡಿಸಲು ಹೋಗಬೇಡಿ. ಬಿಡಿಸಿದರೆ ಹೊಡೆದುಹಾಕಬೇಕಾದ ಎಕ್ಸ್ − 2 ಕಣ್ಣಿಗೇ ಬೀಳುವುದಿಲ್ಲ. ಎಕ್ಸ್ 2ರ ಹತ್ತಿರ ಹೋಗುತ್ತದೆಯೇ ಹೊರತು 2 ಆಗುವುದಿಲ್ಲ, ಅದಕ್ಕೇ ಹೊಡೆದುಹಾಕಬಹುದು. ಉಳಿಯುವುದು 1 ÷ (√(ಎಕ್ಸ್ + 7) + 3). ಈಗ 2 ಹಾಕಿದರೆ 1/6. ಬೆಲೆ ಹಾಕುವವರೆಗೂ ಪ್ರತಿ ಸಾಲಿನಲ್ಲೂ ‘ಲಿಮಿಟ್’ ಇರಲೇಬೇಕು.

ಗಮನಿಸಿದರೆ, ಇದು √(ಎಕ್ಸ್ + 7)ಗೆ 2ರಲ್ಲಿರುವ ಡೆರಿವೇಟಿವ್ (ಬದಲಾಗುವ ದರ) ಬಿಟ್ಟು ಬೇರೇನಲ್ಲ. ಸೂತ್ರದಿಂದ ಮಾಡಿದರೂ 1 ÷ (2√9), ಅದೇ 1/6.

ಕ್ಯಾಲ್ಕುಲೇಟರನ್ನೂ ಪೂರ್ತಿ ನಂಬುವ ಹಾಗಿಲ್ಲ. ಸೈನ್ ಎಕ್ಸ್ ಬೈ ಎಕ್ಸ್‌ಗೆ 0.01 ಹಾಕಿದಾಗ 0.01745 ಬಂದರೆ ಅದು ಡಿಗ್ರಿಯಲ್ಲಿದೆ ಎಂದರ್ಥ, ರೇಡಿಯನ್‌ಗೆ ತಿರುಗಿಸಿ. (1 − ಕಾಸ್ ಎಕ್ಸ್) ಬೈ ಎಕ್ಸ್ ವರ್ಗಕ್ಕೆ 0.00000001ರಂಥ ತೀರಾ ಸಣ್ಣ ಬೆಲೆ ಕೊಟ್ಟರೆ ಬಹುತೇಕ ಯಂತ್ರಗಳು 0 ತೋರಿಸುತ್ತವೆ, ಕಾಸ್ ಬೆಲೆಯನ್ನು ಅವು 1 ಅಂತಲೇ ದುಂಡಗೆ ಮಾಡಿಬಿಡುತ್ತವೆ. ಎಕ್ಸ್ 0ಯ ಹತ್ತಿರ ಹೋದಾಗ ನಿಜವಾದ ಲಿಮಿಟ್ 1/2. 0.01 ಸಾಕು.

ಅಂಶ, ಛೇದಗಳ ಡೆರಿವೇಟಿವ್ ಬೇರೆ ಬೇರೆ ತೆಗೆದು ಭಾಗಿಸುವ ಎಲ್ ಹಾಸ್ಪಿಟಲ್ ರೂಲ್ ಕಲಿತ ವಾರ ಅದನ್ನು ಎಲ್ಲದಕ್ಕೂ ಹಚ್ಚುತ್ತಾರೆ. ಎಕ್ಸ್ 1ರ ಹತ್ತಿರ ಹೋದಾಗ (ಎಕ್ಸ್ ವರ್ಗ + 1) ÷ (ಎಕ್ಸ್ + 1)ಗೆ ನೇರವಾಗಿ 1 ಹಾಕಿದರೆ ಉತ್ತರ 1. ರೂಲ್ ಹಚ್ಚಿದರೆ 2 ಬರುತ್ತದೆ, ತಪ್ಪು. 0/0 ಅಥವಾ ಅನಂತ ಬೈ ಅನಂತ ಇಲ್ಲದೆ ಅದನ್ನು ಮುಟ್ಟಬಾರದು.

ಚೈನ್ ರೂಲ್‌ಗೆ ನಾನು ಹಿಡಿಯುವುದು ಕೆಆರ್‌ಎಸ್ ಲೆಕ್ಕವನ್ನೇ. ಜಲಾಶಯದ ಮಟ್ಟ ಪೂರ್ತಿ ತುಂಬುವ 124.80 ಅಡಿ ಮುಟ್ಟುತ್ತದೋ ಇಲ್ಲವೋ ಅಂತ ಮಳೆಗಾಲದಲ್ಲಿ ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಒಳಹರಿವು 25,000 ಕ್ಯೂಸೆಕ್, ಹೊರಹರಿವು 5,000 ಅಂತ ಇಟ್ಟುಕೊಳ್ಳಿ. ಡಿವಿ ಬೈ ಡಿಟಿ, ಅಂದರೆ ಸೆಕೆಂಡಿಗೆ ಹೆಚ್ಚುವ ನೀರು, 20,000 ಘನ ಅಡಿ. ದಿನಕ್ಕೆ 86,400 ಸೆಕೆಂಡ್, ಅಂದರೆ 172.8 ಕೋಟಿ ಘನ ಅಡಿ, 1.728 ಟಿಎಂಸಿ. ಮಟ್ಟ ಎಷ್ಟು ಏರಿತು? ಡಿವಿ ಬೈ ಡಿಟಿ ಎಂದರೆ ಡಿವಿ ಬೈ ಡಿಎಚ್ ಗುಣಿಸು ಡಿಎಚ್ ಬೈ ಡಿಟಿ (ಮಟ್ಟ ಏರುವ ವೇಗ), ಇದೇ ಚೈನ್ ರೂಲ್. ಡಿವಿ ಬೈ ಡಿಎಚ್ ಅಂದರೆ ಆ ಮಟ್ಟದಲ್ಲಿ ನೀರಿನ ಮೇಲ್ಮೈ ವಿಸ್ತೀರ್ಣ. ಅಭ್ಯಾಸಕ್ಕೆ ಅದನ್ನು 60 ಕೋಟಿ ಚದರಡಿ ಎಂದಿಟ್ಟರೆ ದಿನಕ್ಕೆ 2.88 ಅಡಿ ಏರಿಕೆ, 120 ಕೋಟಿ ಎಂದರೆ 1.44 ಅಡಿ. ಒಳಹರಿವು ಅಷ್ಟೇ ಇದ್ದರೂ ಕಟ್ಟೆ ತುಂಬುತ್ತಾ ಬಂದಂತೆ ಮಟ್ಟ ನಿಧಾನಕ್ಕೆ ಏರುವುದು ಇದರಿಂದಲೇ. ಯಾರಿಗಾದರೂ 1.44ರ ಬದಲು 0.0000167 ಬಂದಿದ್ದರೆ ಡೆರಿವೇಟಿವ್ ತಪ್ಪಿಲ್ಲ, ಅದು ಸೆಕೆಂಡಿಗೆ ಅಡಿ. 86,400ರಿಂದ ಗುಣಿಸುವುದು ಬಾಕಿ.