ಲ್ಯಾಬಿನಲ್ಲೊಂದು ಎಲೆಕೋಸಿನ ಜಾಡಿ: ಕಲೆ ಮತ್ತು ವಿಜ್ಞಾನದ ರೆಸಿಡೆನ್ಸಿಯಲ್ಲಿ ನನ್ನ ಅನುಭವ

ಆಹಾರ ಮತ್ತು ಸೂಕ್ಷ್ಮಜೀವಿಗಳ ಸುತ್ತ ಕಲಾವಿದರನ್ನೂ ವಿಜ್ಞಾನಿಗಳನ್ನೂ ಜೋಡಿ ಮಾಡುವ ಒಂದು ರೆಸಿಡೆನ್ಸಿಯಲ್ಲಿ ಕೆಲಸ ಮಾಡಿದೆ. ರೆಸಿಡೆನ್ಸಿ ಅಂದರೆ ಕಲಾವಿದರು ಒಂದು ಸಂಸ್ಥೆಯಲ್ಲಿ ಕೆಲಕಾಲ ಇದ್ದು ಕೆಲಸ ಮಾಡುವ ಅವಕಾಶ. ಇಂಥ ಕಡೆ ಹೋಗಬೇಕು ಅಂತಿರುವ ಕಲಾವಿದರು ನನ್ನನ್ನು ಮೊದಲು ಕೇಳುವುದು, "ವಿಜ್ಞಾನ ಓದಿರಬೇಕಾ?" ಅಂತ. ಬೇಕಿಲ್ಲ. ಆದರೆ ಒಂದು ಒಳ್ಳೆಯ ಪ್ರಶ್ನೆ ಕೈಯಲ್ಲಿರಬೇಕು. ಅದು ವಿಜ್ಞಾನಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯಾಗಿದ್ದರೆ ಇನ್ನೂ ಒಳ್ಳೆಯದು.

ಅರ್ಜಿಯಲ್ಲಿ ನಾನು ಯಾವ ಕಲಾಕೃತಿ ಮಾಡುತ್ತೇನೆ ಅಂತ ಬರೆಯಲಿಲ್ಲ. ಆಹಾರ ಹುಳಿಯಾಗುವುದು ನಾಲಿಗೆಗೆ ಗೊತ್ತಾಗುತ್ತದೆ, ಅದನ್ನು ದಿನದಿನವೂ ಕಣ್ಣಿಗೆ ಕಾಣುವ ಹಾಗೆ ಮಾಡಬಹುದಾ ಅಂತ ಕೇಳಿದ್ದೆ. ನನ್ನ ಜೊತೆಗಿದ್ದ ಸೂಕ್ಷ್ಮಜೀವಿ ತಜ್ಞೆ ಹುಳಿ ಬರಿಸುವ ಬ್ಯಾಕ್ಟೀರಿಯಾಗಳ ಮೇಲೆಯೇ ಕೆಲಸ ಮಾಡುತ್ತಿದ್ದರು. ಅವರ ಪ್ರಬಂಧಕ್ಕೆ ನಾನು ಅಂದದ ಚಿತ್ರ ಬಿಡಿಸಿಕೊಡುವುದಲ್ಲ, ಇಬ್ಬರೂ ಸೇರಿ ಒಂದು ವಿಷಯ ಹುಡುಕುವುದು ಅಂತ ಮೊದಲ ಭೇಟಿಯಲ್ಲೇ ಮಾತಾಡಿಕೊಂಡೆವು. ಈ ಮಾತು ಮುಂಚೆಯೇ ಆಗಿಬಿಡಬೇಕು. ಇಲ್ಲದಿದ್ದರೆ ಕಲಾವಿದರ ಕೆಲಸ ಅಲಂಕಾರಕ್ಕೆ ಸೀಮಿತವಾಗುತ್ತದೆ.

ನಾವು ಆರಿಸಿಕೊಂಡದ್ದು ನೇರಳೆ ಎಲೆಕೋಸು. ಅದರ ಬಣ್ಣ ಆಂಥೋಸಯನಿನ್ ಎಂಬ ವಸ್ತುವಿನದು. ಹುಳಿ ಜಾಸ್ತಿಯಾದಂತೆ ಅದು ನೇರಳೆಯಿಂದ ಗುಲಾಬಿಗೆ, ಆಮೇಲೆ ಕೆಂಪಿನ ಕಡೆಗೆ ತಿರುಗುತ್ತದೆ. ಹೊರಗಿನಿಂದ ಬಣ್ಣ ಹಾಕುವ ಕೆಲಸವೇ ಇಲ್ಲ. ಎಲೆಕೋಸನ್ನು ಸಣ್ಣಗೆ ಹೆಚ್ಚಿ, 1 ಕಿಲೋಗೆ 20 ಗ್ರಾಂ ಉಪ್ಪು ಹಾಕಿ, ನೀರು ಬಿಡುವ ತನಕ ಕೈಯಿಂದ ಹಿಸುಕಬೇಕು. ಆಮೇಲೆ ಜಾಡಿಗೆ ಒತ್ತಿ ತುಂಬಿ, ಎಲೆಯೆಲ್ಲ ತನ್ನದೇ ನೀರಿನಲ್ಲಿ ಮುಳುಗುವಂತೆ ಮೇಲೆ ಭಾರ ಇಡಬೇಕು. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಿಟ್ಟರೆ ಸಾಕು. ಹೆಪ್ಪು ಬೇಡ, ಬೇಕಾದ ಜೀವಿಗಳು ಎಲೆಯ ಮೇಲೇ ಇರುತ್ತವೆ.

ಮೊದಲು ಲ್ಯೂಕೊನಾಸ್ಟಾಕ್ ಜಾತಿಯ ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತದೆ. ಅದು ಬಿಡುವ ಇಂಗಾಲದ ಡೈಆಕ್ಸೈಡ್‌ನಿಂದ ಜಾಡಿಯಲ್ಲಿ ಗುಳ್ಳೆ ಏಳುತ್ತದೆ, ಗಾಳಿ ಹೊರಹೋಗುತ್ತದೆ. ತಾನೇ ಮಾಡಿದ ಹುಳಿ ಏರುತ್ತಾ ಹೋದಂತೆ ಅದಕ್ಕೇ ಅಲ್ಲಿರಲು ಆಗುವುದಿಲ್ಲ. ಹುಳಿಯನ್ನು ಇನ್ನೂ ಚೆನ್ನಾಗಿ ತಾಳುವ ಪ್ಲಾಂಟಾರಮ್‌ನಂಥ ಲ್ಯಾಕ್ಟೋಬ್ಯಾಸಿಲಸ್‌ಗಳು ಆಗ ಮುಂದೆ ಬರುತ್ತವೆ. ಕೊನೆಗೆ ಪಿಎಚ್ 3.5ರ ಹತ್ತಿರ ನಿಲ್ಲುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಒಬ್ಬರು ಜಾಗ ಸಿದ್ಧ ಮಾಡಿ ಇನ್ನೊಬ್ಬರಿಗೆ ಬಿಟ್ಟುಕೊಡುವ ಈ ಸರದಿ ನನ್ನನ್ನು ಬಹಳ ಹಿಡಿದಿಟ್ಟಿತು. ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಚಿತ್ರಿಸುವುದಕ್ಕಿಂತ ಈ ಸರದಿಯನ್ನು ದಾಖಲಿಸುವುದೇ ನನ್ನ ಕೆಲಸ ಅಂತ ತೀರ್ಮಾನಿಸಿದೆ.

ದಿನಾ ಒಂದೇ ಹೊತ್ತಿಗೆ ಪ್ರತಿ ಜಾಡಿಯಿಂದ ಒಂದು ಹನಿ ಉಪ್ಪುನೀರು ತೆಗೆದು ಕಾಗದದ ಪಟ್ಟಿಯ ಮೇಲೆ ಬಿಡುತ್ತಿದ್ದೆ. ಕಾಗದ ಯಾವುದು ಅನ್ನುವುದು ಇಲ್ಲಿ ತುಂಬಾ ಮುಖ್ಯ. ಚಿತ್ರ ಬರೆಯುವ ಒಳ್ಳೆಯ ಕಾಗದಗಳಲ್ಲಿ ಎಷ್ಟೋ ಕಡೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ. ಕಾಗದ ಬೇಗ ಹಳದಿಯಾಗದೆ ಬಹುಕಾಲ ಬಾಳಲಿ ಅಂತ. ಅದು ಹುಳಿಯನ್ನು ತಟಸ್ಥ ಮಾಡುತ್ತದೆ. ಗುಲಾಬಿ ಹನಿ ಅಂಥ ಕಾಗದದ ಮೇಲೆ ಬಿದ್ದರೆ ಅಂಚಿನಿಂದ ಶುರುವಾಗಿ ನೀಲಿಗೆ ತಿರುಗುತ್ತದೆ. ನೋಡಲು ಚೆಂದವೇ, ಆದರೆ ಅದು ಜಾಡಿ ಹೇಳುವ ಮಾತಲ್ಲ, ಕಾಗದ ಹೇಳುವ ಮಾತು. ಎರಡೂ ಬಗೆಯ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಲ್ಯಾಬಿನ ಫಿಲ್ಟರ್ ಪೇಪರನ್ನೇ ಇಟ್ಟುಕೊಂಡೆವು. ಈ ಬಣ್ಣ ಬೆಳಕಿಗೆ ಮಾಸುತ್ತದೆ. ಹಾಗಾಗಿ ಹನಿ ಆರುವ ಮುಂಚೆಯೇ ಒಂದೇ ದೀಪದಡಿ, ಪಕ್ಕದಲ್ಲಿ ಬೂದುಬಣ್ಣದ ಕಾರ್ಡ್ ಇಟ್ಟು ಫೋಟೋ ತೆಗೆದು, ಪಟ್ಟಿಯನ್ನು ಕತ್ತಲಲ್ಲಿ ಎತ್ತಿಡುತ್ತಿದ್ದೆ. ಪಿಎಚ್ ಮೀಟರಿನ ಅಂಕಿಯನ್ನು ಸೂಕ್ಷ್ಮಜೀವಿ ತಜ್ಞೆ ಅದೇ ಹೊತ್ತಿಗೆ ಬರೆದುಕೊಳ್ಳುತ್ತಿದ್ದರು.

ಪಟ್ಟಿಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದಾಗ ಇಬ್ಬರೂ ನಿಂತು ನೋಡಿದೆವು. ನಾನು ತುಂಬಿದ ಜಾಡಿಗಳೂ ಅವರು ತುಂಬಿದ ಜಾಡಿಗಳೂ ಒಂದೇ ವೇಗದಲ್ಲಿ ಬಣ್ಣ ಬದಲಿಸಿರಲಿಲ್ಲ. ಅದೇ ಎಲೆಕೋಸು, ಅದೇ ಉಪ್ಪು, ಅದೇ ಕೋಣೆ. "ನಮ್ಮ ಕೈಯಿಂದಲೇ ಹೀಗಾಗಿದೆ ಅಂತೀರಾ?" ಅಂತ ಕೇಳಿದೆ. "ಈಗಲೇ ಹಾಗೆ ಹೇಳಕ್ಕಾಗಲ್ಲ. ನೀವು ಗಟ್ಟಿಯಾಗಿ ಹಿಸುಕಿರಬಹುದು, ನಾನು ಸಡಿಲವಾಗಿ ತುಂಬಿರಬಹುದು" ಅಂದರು. ಆದರೆ ಪ್ರಶ್ನೆ ಅವರಿಗೂ ಹಿಡಿಸಿತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಹೇಳಿದರು. ಹಲವು ದೇಶಗಳ ಬೇಕರ್‌ಗಳು ಒಂದೇ ಹಿಟ್ಟಿನಿಂದ ಬ್ರೆಡ್ಡಿನ ಹುಳಿ ಹಿಟ್ಟು ಮಾಡಿದ್ದರು. ಅವರ ಕೈಗಳಿಂದಲೂ ಮಾದರಿ ತೆಗೆದಿದ್ದರು. ಹಿಟ್ಟಿನಲ್ಲಿದ್ದ, ಹುಳಿ ಬರಿಸುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಅವರ ಕೈಗಳ ಮೇಲೂ ಸಾಕಷ್ಟು ಸಿಕ್ಕಿತ್ತು. ಕೈ ಹಿಟ್ಟಿಗೆ ಕೊಟ್ಟಿತೋ, ಹಿಟ್ಟು ಕೈಗೆ ಕೊಟ್ಟಿತೋ ಬೇರೆ ಮಾತು. ಎರಡೂ ಕಡೆ ಓಡಾಟ ಇರಬಹುದು, ಅಲ್ವಾ?

ಅಲ್ಲಿಂದ ಎರಡನೇ ಕೆಲಸ ಹುಟ್ಟಿತು. ಎಲೆಕೋಸು ಹಿಸುಕುವ ಮುಂಚೆ ಮತ್ತು ಆಮೇಲೆ ನಮ್ಮ ಅಂಗೈಗಳನ್ನು ಅಗರ್ ತಟ್ಟೆಯ ಮೇಲೆ ಒತ್ತಿದೆವು. ಅಗರ್ ಅಂದರೆ ಕೆಂಪು ಕಡಲಪಾಚಿಯಿಂದ ತೆಗೆಯುವ ಅಂಟು. ಲ್ಯಾಬಿನಲ್ಲಿ ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಅದು ಲ್ಯಾಬಿಗೆ ಬಂದದ್ದು ಅಡುಗೆಮನೆಯಿಂದಲೇ. 1881ರ ಸುಮಾರಿಗೆ ಜರ್ಮನಿಯಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಅವರ ಲ್ಯಾಬಿನಲ್ಲಿದ್ದ ವಾಲ್ಟರ್ ಹೆಸ್ಸೆ ಅವರಿಗೆ, ಬ್ಯಾಕ್ಟೀರಿಯಾ ಬೆಳೆಸಲು ಬಳಸುತ್ತಿದ್ದ ಜೆಲಟಿನ್ ಕರಗುವುದೇ ತಲೆನೋವಾಗಿತ್ತು. ಅವರ ಹೆಂಡತಿ ಫ್ಯಾನಿ ಹೆಸ್ಸೆ ಜೆಲ್ಲಿ ಮಾಡಲು ಅಗರ್ ಬಳಸುತ್ತಿದ್ದರು. ಅದನ್ನೇ ಇಲ್ಲಿಯೂ ಹಾಕಿ ನೋಡಿ ಅಂತ ಸೂಚಿಸಿದ್ದು ಅವರೇ. ಅಗರ್ ಕರಗಲು ಸುಮಾರು 85 ಡಿಗ್ರಿ ಬೇಕು, ಬ್ಯಾಕ್ಟೀರಿಯಾ ಬೆಳೆಸುವ 37ರಲ್ಲಿ ಗಟ್ಟಿಯಾಗೇ ಇರುತ್ತದೆ. ಗಂಡನ ಸಂಶೋಧನೆಗೆ ಚಿತ್ರಗಳನ್ನು ಬಿಡಿಸಿದ್ದೂ ಫ್ಯಾನಿಯವರೇ. 1882ರಲ್ಲಿ ಕಾಖ್ ಅಗರ್ ವಿಷಯ ಬರೆದಾಗ ಅವರ ಹೆಸರು ಹೇಳಲಿಲ್ಲ. ನಮ್ಮ ಪ್ರದರ್ಶನದಲ್ಲಿ ಅಗರ್ ತಟ್ಟೆಗಳ ಪಕ್ಕ ಫ್ಯಾನಿ ಹೆಸ್ಸೆ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿದೆ. ಹಾಕಲೇಬೇಕಿತ್ತು.

ಅಂಗೈ ಒತ್ತಿದ ತಟ್ಟೆಯಲ್ಲಿ ಏನೇನು ಬೆಳೆಯುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಚರ್ಮದ ಮೇಲೆ ರೋಗ ತರಬಲ್ಲ ಜೀವಿಗಳೂ ಇರುತ್ತವೆ. ಆದ್ದರಿಂದ ಒಮ್ಮೆ ಮುಚ್ಚಿ ಸೀಲ್ ಮಾಡಿದ ತಟ್ಟೆಯನ್ನು ಮತ್ತೆ ತೆರೆಯುವಂತಿಲ್ಲ. ಪ್ರದರ್ಶನಕ್ಕೆ ಅವುಗಳ ಫೋಟೋ ಮಾತ್ರ ಹೋಯಿತು. ತಟ್ಟೆಗಳು ಆಟೋಕ್ಲೇವಿಗೆ ಹೋದವು. 121 ಡಿಗ್ರಿಯಲ್ಲಿ ಒತ್ತಡದ ಹಬೆ ಕೊಟ್ಟು ಎಲ್ಲವನ್ನೂ ಕೊಂದ ಮೇಲೆಯೇ ಕಸಕ್ಕೆ. ನೋಡಲು ಬಂದವರಿಗೆ ರುಚಿ ನೋಡಲು ಕೊಟ್ಟ ಎಲೆಕೋಸನ್ನು ಬೇರೆಯೇ ಅಡುಗೆಮನೆಯಲ್ಲಿ, ಬೇರೆಯೇ ಪಾತ್ರೆಗಳಲ್ಲಿ ಮಾಡಿದೆವು. ಪಿಎಚ್ ಆಹಾರ ಸುರಕ್ಷತೆಯ ಮಿತಿಯಾದ 4.6ಕ್ಕಿಂತ ಸಾಕಷ್ಟು ಕೆಳಗಿಳಿದಿದೆ ಅಂತ ಖಚಿತವಾದ ಮೇಲೆಯೇ ಬಡಿಸಿದ್ದು. ಲ್ಯಾಬಿನೊಳಗೆ ಹೋದದ್ದು ಯಾವುದೂ ಬಾಯಿಗೆ ಹೋಗಬಾರದು. ಕಲೆಯ ಹೆಸರಿನಲ್ಲಿ ಈ ನಿಯಮ ಸಡಿಲಿಸಿ ಅಂತ ಕೇಳಲೇಬಾರದು.

ರೆಸಿಡೆನ್ಸಿಗೆ ಒಪ್ಪಿಕೊಳ್ಳುವ ಮುಂಚೆ ನಾನು ಕೇಳಿದ ಪ್ರಶ್ನೆಗಳಲ್ಲಿ ಅತಿ ಉಪಯೋಗಕ್ಕೆ ಬಂದದ್ದು ಒಂದೇ: ವಿಜ್ಞಾನಿಯ ಸಮಯಕ್ಕೂ ಸಂಬಳ ಇದೆಯಾ? ಇತ್ತು. ಹಾಗಾಗಿ ಅವರು ಸುಮ್ನೆ ಬಂದು ಇಣುಕಿ ಹೋಗಲಿಲ್ಲ. ಇಬ್ಬರಿಗೂ ಒಂದೇ ನೋಟ್‌ಬುಕ್ ಇತ್ತು. ಎಡಪುಟ ನನ್ನದು, ಬಲಪುಟ ಅವರದು. ಈಗ ಅವರು ಯಾವ ದಿನ ಜಾಡಿಯಿಂದ ಮಾದರಿ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಬೇಕು ಅನ್ನುವುದನ್ನು ನನ್ನ ಪಟ್ಟಿ ನೋಡಿ ತೀರ್ಮಾನಿಸುತ್ತಾರೆ. ಬಣ್ಣ ಬೇಗ ಬೇಗ ಬದಲಾಗುವ ದಿನಗಳಲ್ಲಿ ಜಾಸ್ತಿ ಮಾದರಿ, ನಿಂತಾಗ ಕಡಿಮೆ. ಮುಂದಿನ ಸುತ್ತಿಗೆ ಒಂದೇ ಎಲೆಕೋಸನ್ನು ಎರಡು ಭಾಗ ಮಾಡುತ್ತೇವೆ. ಒಂದನ್ನು ಕೈಗವಸು ಹಾಕಿ ಹಿಸುಕುವುದು, ಇನ್ನೊಂದನ್ನು ಬರಿಗೈಯಲ್ಲಿ. ಎಷ್ಟು ಹೊತ್ತು ಹಿಸುಕಬೇಕು, ಎಷ್ಟು ಭಾರ ಇಡಬೇಕು ಅಂತ ಈಗಾಗಲೇ ಬಲಪುಟದಲ್ಲಿ ಬರೆದಿಟ್ಟಿದ್ದಾರೆ.