ಮಾಳಿಗೆ ಮೇಲಿನ ರೇಡಿಯೊ ಕೋಣೆಯನ್ನು ತಂಪಾಗಿಸಿದ ಬಗೆ: ನನ್ನ ಅನುಭವ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಬಿಸಿಲಿಗಾಗಿಯೇ ಮಾಡಿದ ವ್ಯವಸ್ಥೆ ಅದು. ನನ್ನಂಥ ನೌಕರನಿಗೆ ಇದರಿಂದ ಇಡೀ ಮಧ್ಯಾಹ್ನ ಖಾಲಿ ಸಿಗುತ್ತದೆ. ಹಳೇ ವಾಲ್ವ್ ರೇಡಿಯೊಗಳನ್ನು (ಟ್ರಾನ್ಸಿಸ್ಟರ್ ಬರುವ ಮೊದಲಿನ, ಒಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳಿರುವ ಸೆಟ್ಟುಗಳು) ಬಿಚ್ಚಿ ರಿಪೇರಿ ಮಾಡುವುದು ನನ್ನ ಹವ್ಯಾಸ. ವರ್ಷದಲ್ಲಿ ಅದಕ್ಕೆ ಜಾಸ್ತಿ ಹೊತ್ತು ಸಿಗುವುದು ಈ ಎರಡು ತಿಂಗಳಲ್ಲೇ. ಆದರೆ ಆ ಹೊತ್ತು ಅಂದರೆ ಎರಡು ಗಂಟೆಯಿಂದ ಆರು ಗಂಟೆ, ಹೊರಗೆ 42, 43 ಡಿಗ್ರಿ ಸುಡುವ ಸಮಯ, ಮತ್ತು ನನ್ನ ಕೋಣೆ ಇರುವುದು ಮಾಳಿಗೆ ಮೇಲೆ.

ಕೋಣೆ ಹತ್ತು ಅಡಿಗೆ ಒಂಬತ್ತು ಅಡಿ. ಮೇಲೆ ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್, ನೆಲಕ್ಕೆ ಶಹಾಬಾದಿ ಫರ್ಸಿ, ಅಂದರೆ ಹಾಸುಗಲ್ಲು. ಪಶ್ಚಿಮಕ್ಕೊಂದು ಕಿಟಕಿ, ಪೂರ್ವಕ್ಕೊಂದು ಸಣ್ಣ ಕಿಟಕಿ, ಉತ್ತರಕ್ಕೆ ತಗಡಿನ ಬಾಗಿಲು. ಇಂಥ ಕೋಣೆಗೆ ಎಲ್ಲರೂ ಕೊಡುವ ಸಲಹೆ ಒಂದೇ: ಎಸಿ ಹಾಕಿಸಿಬಿಡಿ. ನಾನು ಹಾಕಿಸಲಿಲ್ಲ. ಶಾಖ ಒಳಗೆ ಬಂದ ಮೇಲೆ ಹೊರಗೆ ಹಾಕಲು ದುಡ್ಡು ಸುರಿಯುವುದಕ್ಕಿಂತ ಬರದ ಹಾಗೆ ತಡೆಯುವುದು ಮೇಲು ಅನ್ನುವುದು ನನ್ನ ನಂಬಿಕೆ. ಆ ನಂಬಿಕೆ ಹಿಡಿದುಕೊಂಡೇ ಒಂದೊಂದಾಗಿ ಕೆಲಸ ಮಾಡುತ್ತಾ ಬಂದೆ.

ಮೊದಲು ಶಾಖ ಎಲ್ಲಿಂದ ಬರುತ್ತಿದೆ ಅಂತ ಅಳೆದು ನೋಡಿದೆ. ಗಾಳಿಯ ಉಷ್ಣತೆ, ತೇವಾಂಶ ಎರಡನ್ನೂ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಒಂದು, ಗೋಡೆಗೆ ಹಿಡಿದರೆ ಅದರ ಮೇಲ್ಮೈ ಎಷ್ಟು ಕಾದಿದೆ ಅಂತ ಹೇಳುವ ಇನ್‌ಫ್ರಾರೆಡ್ ಗನ್ ಇನ್ನೊಂದು. ಸಂಜೆ ಐದಕ್ಕೆ ಗನ್ ಹಿಡಿದಾಗ ಸ್ಲ್ಯಾಬಿನ ಒಳಭಾಗ 47 ಡಿಗ್ರಿ, ಪಶ್ಚಿಮದ ಗೋಡೆ 43, ಉಳಿದ ಗೋಡೆಗಳು 38ರ ಆಸುಪಾಸು. ಇಲ್ಲೇ ವಿಷಯ ಅರ್ಧ ಸ್ಪಷ್ಟವಾಯಿತು. ನಮ್ಮ ಮೈ 37 ಡಿಗ್ರಿ, ಚರ್ಮ ಅದಕ್ಕಿಂತ ಇನ್ನೂ ಸ್ವಲ್ಪ ಕಮ್ಮಿ. ತಲೆ ಮೇಲೆ 47 ಡಿಗ್ರಿಯ ಸ್ಲ್ಯಾಬ್ ಇದ್ದರೆ, ಫ್ಯಾನು ಎಷ್ಟೇ ಜೋರಾಗಿ ತಿರುಗಲಿ, ಕಾದ ಹಂಚಿನ ಕೆಳಗೆ ಕೂತ ಹಾಗೇ. ಸ್ಲ್ಯಾಬಿನ ಝಳ ನೇರವಾಗಿ ಮೈಗೆ ತಾಗುತ್ತದೆ. ಜೊತೆಗೆ ಸೀಲಿಂಗ್ ಫ್ಯಾನ್ ಮೇಲಿನ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತಿರುತ್ತದೆ. ಇನ್ನೊಂದು ಗಮನಿಸಿದ್ದು: ಹೊರಗಿನ ಬಿಸಿಲು ಮೂರು ಗಂಟೆಗೆ ತುದಿ ಮುಟ್ಟಿದರೆ ಸ್ಲ್ಯಾಬಿನ ಒಳಮೈ ಕಾಯುವುದು ಐದಾರು ಗಂಟೆಗೆ. ಕಾಂಕ್ರೀಟ್ ಹಗಲೆಲ್ಲಾ ಶಾಖ ಕುಡಿದು ನಿಧಾನವಾಗಿ ಒಳಗೆ ಬಿಡುತ್ತದೆ, ರಾತ್ರಿ ಹತ್ತಾದರೂ ಕೈ ಇಟ್ಟರೆ ಬೆಚ್ಚಗೇ ಇರುತ್ತದೆ.

ಹಾಗಾಗಿ ಮೊದಲ ಕೆಲಸ ಕೋಣೆಯ ಮಾಳಿಗೆಗೆ, ಅಂದರೆ ಆ ಸ್ಲ್ಯಾಬಿನ ಮೇಲ್ಮೈಗೆ, ಸುಣ್ಣ. ಕಂಪನಿಗಳ ಕೂಲ್ ರೂಫ್ ಪೇಂಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ದುಡ್ಡಿದ್ದರೆ ಅದನ್ನೇ ಹಾಕಿ, ಮೂರ್ನಾಲ್ಕು ವರ್ಷ ಚಿಂತೆ ಇಲ್ಲ. ನಾನು ಸುಣ್ಣ ಆರಿಸಿಕೊಂಡೆ, ಯಾಕೆಂದರೆ ನೂರು ಚದರಡಿ ಮಾಳಿಗೆಗೆ ಐದಾರು ಕೆಜಿ ಸುಣ್ಣ ಸಾಕು, ಬೆಲೆ ಏನೂ ಅಲ್ಲ, ನನ್ನ ಕೈಯಲ್ಲೇ ಮಾಡಬಹುದು. ಸುಣ್ಣದ ಕಲ್ಲನ್ನು ಹಿಂದಿನ ದಿನ ನೀರಿಗೆ ಹಾಕಿ ಅರಳಿಸಬೇಕು. ಅದು ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡಬ್ಬಿಯೇ ಬೇಕು. ಕಣ್ಣಿಗೆ ಒಂದು ಹನಿ ಸಿಡಿದರೂ ಅಪಾಯ, ಆದ್ದರಿಂದ ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ದೂರ ಇಡಿ. ಮರುದಿನ ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ, ತೆಳ್ಳಗೆ ಮಾಡಿಕೊಂಡು ಎರಡು ಮೂರು ಕೈ ಹೊಡೆಯಬೇಕು. ಅದಕ್ಕೂ ಮೊದಲು ಮಾಳಿಗೆ ಗುಡಿಸಿ, ಪಾಚಿ ಉಜ್ಜಿ ತೊಳೆದು, ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿರಬೇಕು. ಮನೆಗೆ ಪ್ಲಾಸ್ಟರ್ ಮಾಡಿದ ಗೌಂಡಿ ಹೇಳಿದ ಮಾತು ನಿಜವಾಯಿತು: ಕಾದ ಸ್ಲ್ಯಾಬಿಗೆ ಸುಣ್ಣ ಹೊಡೆದರೆ ಪುಡಿ ಪುಡಿಯಾಗಿ ಏಳುತ್ತದೆ, ಸಂಜೆ ಹೊತ್ತು ಮೊದಲು ನೀರು ಚಿಮುಕಿಸಿ ಹೊಡೆಯಬೇಕು.

ಸುಣ್ಣದ ದೋಷ ಅಂದರೆ ಮಳೆಗಾಲ ಮುಗಿಯುವಷ್ಟರಲ್ಲಿ ಮಾಸುತ್ತದೆ, ನಮ್ಮೂರಿನ ಧೂಳಿಗೆ ಬಿಳಿ ಉಳಿಯುವುದೂ ಕಷ್ಟ. ಬಿಳಿ ಹೋದರೆ ಉಪಯೋಗವೂ ಹೋಯಿತು, ಬಿಸಿಲನ್ನು ವಾಪಸ್ ಕಳಿಸುವುದೇ ಆ ಬಿಳುಪು. ಅದಕ್ಕೆ ಪ್ರತಿ ವರ್ಷ ಶರಣಬಸವೇಶ್ವರರ ಜಾತ್ರೆಗೆ ಮೊದಲು, ಅಂದರೆ ಹೋಳಿ ಹುಣ್ಣಿಮೆಯ ಹೊತ್ತಿಗೆ, ಹೊಸದಾಗಿ ಹೊಡೆದುಬಿಡುತ್ತೇನೆ. ಸುಣ್ಣ ಒಂದರಿಂದಲೇ ಸ್ಲ್ಯಾಬಿನ ಒಳಮೈ 47ರಿಂದ 40ಕ್ಕೆ ಇಳಿಯಿತು. ಇಷ್ಟು ಕಮ್ಮಿ ಖರ್ಚಿಗೆ ಇಷ್ಟು ಉಪಕಾರ ಮಾಡಿದ್ದು ಬೇರೆ ಯಾವುದೂ ಇಲ್ಲ. ಸಂಜೆ ಮಾಳಿಗೆಗೆ ಕೊಡಗಟ್ಟಲೆ ನೀರು ಹೊಯ್ಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮೇ ತಿಂಗಳಲ್ಲಿ ಕುಡಿಯಲೇ ನೀರು ಸಾಲದ ಓಣಿಗಳಿವೆ ಇಲ್ಲಿ, ಸುಣ್ಣ ಹೊಡೆದರೆ ಆ ನೀರೇ ಬೇಡ.

ಎರಡನೆಯದು ನೆರಳು. ಹಸಿರು ಶೇಡ್ ನೆಟ್, 75 ಪರ್ಸೆಂಟ್ ಬಿಸಿಲು ತಡೆಯುವಂಥದು, ಜಿಐ ಪೈಪ್ ನಿಲ್ಲಿಸಿ ಸ್ಲ್ಯಾಬಿನಿಂದ ಮೂರಡಿ ಮೇಲೆ ಕಟ್ಟಿದೆ. ನೆಟ್ಟನ್ನು ಸ್ಲ್ಯಾಬಿನ ಮೇಲೇ ಹಾಸಿದರೆ ಅದು ಕಾದು ಆ ಶಾಖವನ್ನು ಕೆಳಗೇ ಕೊಡುತ್ತದೆ, ನಡುವೆ ಗಾಳಿ ಓಡಾಡಲೇಬೇಕು. ಇದರಿಂದ ಇನ್ನೂ ಮೂರು ಡಿಗ್ರಿ ಇಳಿಯಿತು. ಗೋಡೆಗಳ ವಿಷಯದಲ್ಲಿ ತುಂಬ ಜನ ದಕ್ಷಿಣದ ಗೋಡೆಗೆ ಖರ್ಚು ಮಾಡುವುದನ್ನು ನೋಡಿದ್ದೇನೆ, ಬೇಸಿಗೆಯಲ್ಲಿ ಅದರ ಅಗತ್ಯ ಅಷ್ಟಿಲ್ಲ. ಕಲಬುರಗಿ ಇರುವುದು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಪೂರಾ ಹೊಡೆತ ಮಾಳಿಗೆಗೆ, ಆಮೇಲೆ ಪಶ್ಚಿಮಕ್ಕೆ. ಪಶ್ಚಿಮದ ಕಿಟಕಿಗೆ ಬಿದಿರಿನ ಚಿಕ್ (ಕಡ್ಡಿಗಳ ಪರದೆ) ಹಾಕಿದ್ದೇನೆ, ಅದೂ ಗಾಜಿನ ಹೊರಗಡೆ. ಒಳಗೆ ದಪ್ಪ ಪರದೆ ಬಿಟ್ಟರೆ ಕತ್ತಲಾಗುತ್ತದೆ, ತಂಪಾಗುವುದಿಲ್ಲ, ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದಲ್ವಾ.

ಥರ್ಮಾಕೋಲ್ ಫಾಲ್ಸ್ ಸೀಲಿಂಗ್ ಹಾಕಿ ಅಂತ ಒಬ್ಬರಿಬ್ಬರು ಹೇಳಿದರು. ಶಾಖ ತಡೆಯುತ್ತದೆ, ನಿಜ. ಆದರೆ ಸೋಲ್ಡರಿಂಗ್ ಐರನ್, ಸ್ಪಿರಿಟ್, ತೆರೆದ ಹೈ ವೋಲ್ಟೇಜ್ ಇರುವ ಕೋಣೆಯಲ್ಲಿ ತಲೆ ಮೇಲೆ ಥರ್ಮಾಕೋಲ್ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಬೆಂಕಿ ತಾಗಿದರೆ ಕರಗಿ ಉರಿಯುತ್ತಾ ಸುರಿಯುತ್ತದೆ, ಹೊಗೆಯೂ ವಿಷ.

ರಾತ್ರಿಯ ಗಾಳಿ ಪುಕ್ಕಟೆ ಸಿಗುವ ತಂಪು. ಇಲ್ಲಿ ಹಗಲು 42 ಇದ್ದರೂ ನಸುಕಿನಲ್ಲಿ 26, 27ಕ್ಕೆ ಇಳಿಯುತ್ತದೆ. ಪಶ್ಚಿಮದ ಗೋಡೆಯ ಮೇಲ್ಭಾಗದಲ್ಲಿ ಒಂಬತ್ತು ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ರಾತ್ರಿ ಒಂಬತ್ತರ ನಂತರ ಪೂರ್ವದ ಕಿಟಕಿ ತೆರೆದು ಅದನ್ನು ಓಡಿಸುತ್ತೇನೆ. ಬೆಳಗಾಗುವಷ್ಟರಲ್ಲಿ ಗೋಡೆ, ಫರ್ಸಿ, ಬೆಂಚು ಎಲ್ಲಾ ತಣ್ಣಗಾಗಿರುತ್ತವೆ. ಏಳೂವರೆಗೆ ಕಚೇರಿಗೆ ಹೊರಡುವಾಗ ಫ್ಯಾನ್ ನಿಲ್ಲಿಸಿ ಕಿಟಕಿ, ಬಾಗಿಲು ಬಿಗಿಯಾಗಿ ಮುಚ್ಚುತ್ತೇನೆ. ಹಗಲು ಸುಮ್ನೆ ತೆರೆದಿಟ್ಟರೆ ಬಿಸಿ ಗಾಳಿ ನುಗ್ಗಿ ರಾತ್ರಿಯಿಡೀ ಗಳಿಸಿದ್ದೆಲ್ಲಾ ಹತ್ತು ಗಂಟೆಗೇ ಮುಗಿದುಹೋಗುತ್ತದೆ.

ಇನ್ನು ಕೋಣೆಯ ಒಳಗೇ ಹುಟ್ಟುವ ಶಾಖ. ಇದು ನಮ್ಮ ಹವ್ಯಾಸದವರಿಗೆ ಬಹಳ ಮುಖ್ಯ. ಐದು ವಾಲ್ವಿನ ಮೇನ್ಸ್ ರೇಡಿಯೊ ಸುಮಾರು 50 ವ್ಯಾಟ್ ಎಳೆಯುತ್ತದೆ, ಹೆಚ್ಚುಕಮ್ಮಿ ಅಷ್ಟೂ ಕೋಣೆಗೇ ಶಾಖವಾಗಿ ಬರುತ್ತದೆ. ಸ್ಪೀಕರ್ ಓಡಿಸುವ ಇಎಲ್ 84 ವಾಲ್ವೊಂದೇ ಬರೀ ತನ್ನೊಳಗಿನ ಹೀಟರ್ ತಂತಿಗೆ ಐದು ವ್ಯಾಟ್ ಹತ್ತಿರ ತಿನ್ನುತ್ತದೆ, ಅದರ ಆನೋಡ್ ಅನ್ನುವ ತಗಡು ಕಾಯುವ ಶಾಖ ಬೇರೆ. ಸೋಲ್ಡರಿಂಗ್ ಐರನ್ 25 ವ್ಯಾಟ್, ಸುಮ್ಮನೆ ಕೂತ ಮನುಷ್ಯ ನೂರು ವ್ಯಾಟ್. ಬೆಂಚಿನ ಮೇಲಿದ್ದ 60 ವ್ಯಾಟಿನ ಬಲ್ಬ್ ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದೆ. 75 ವ್ಯಾಟಿನ ಹಳೇ ಫ್ಯಾನ್ ಬದಲು 30 ವ್ಯಾಟಿನ ಬಿಎಲ್‌ಡಿಸಿ (ಕಮ್ಮಿ ಕರೆಂಟ್ ತಿನ್ನುವ ಮೋಟರಿನ) ಫ್ಯಾನ್ ಬಂತು. ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಗಿದ್ದು ಕೆಲಸದ ಹೊತ್ತನ್ನು ಬದಲಿಸಿದ್ದು. ರಿಪೇರಿ ಮುಗಿದ ಸೆಟ್ಟನ್ನು ಮೂರ್ನಾಲ್ಕು ತಾಸು ಓಡಿಸಿ ನೋಡಬೇಕಲ್ಲ, ಅದನ್ನು ರಾತ್ರಿ ಹೊರಗೆ ಮಾಳಿಗೆ ಮೇಲೆ ಸ್ಟೂಲ್ ಇಟ್ಟು ಮಾಡುತ್ತೇನೆ. ರಾತ್ರಿ ಮೀಡಿಯಂ ವೇವ್ ದೂರದಿಂದ ಚೆನ್ನಾಗಿ ಬರುತ್ತದೆ, ಹಾಗಾಗಿ ಪರೀಕ್ಷೆಗೂ ಅದೇ ಒಳ್ಳೆಯ ಹೊತ್ತು. ಮಧ್ಯಾಹ್ನ ಬರೀ ಸೆಟ್ಟಿಗೆ ಕರೆಂಟ್ ಕೊಡದೆ ಮಾಡುವ ಕೆಲಸ: ಚಾಸಿಸ್ (ಭಾಗಗಳನ್ನು ಕೂರಿಸಿದ ತಗಡಿನ ಚೌಕಟ್ಟು) ಒರೆಸುವುದು, ಸ್ಟೇಷನ್ ಮುಳ್ಳನ್ನು ಎಳೆಯುವ ಡಯಲ್ ದಾರ ಕಟ್ಟುವುದು, ಕಂಟ್ರೋಲ್‌ಗಳನ್ನು ತೊಳೆಯುವುದು, ಹಳೇ ಕೆಪಾಸಿಟರ್ ಬದಲಿಸುವುದು.

ಇದರಲ್ಲಿ ಸುರಕ್ಷತೆಯ ಮಾತೂ ಇದೆ. ವಾಲ್ವ್ ಸೆಟ್ಟಿನ ಒಳಗೆ 250 ವೋಲ್ಟಿಗೂ ಜಾಸ್ತಿ ಡಿಸಿ ಇರುತ್ತದೆ. ಬೆವರಿದ ಕೈ ಒಣ ಕೈಗಿಂತ ಎಷ್ಟೋ ಸಲೀಸಾಗಿ ಕರೆಂಟನ್ನು ಒಳಗೆ ಬಿಡುತ್ತದೆ. ಮಣಿಕಟ್ಟಿನಿಂದ ಬೆವರು ತೊಟ್ಟಿಕ್ಕುತ್ತಿರುವಾಗ ಚಾಲೂ ಇರುವ ಸೆಟ್ಟಿಗೆ ಕೈ ಹಾಕಲೇಬೇಡಿ, ಕೋಣೆ ತಂಪಾದ ಮೇಲೆ ಮಾಡಿ. ಸೆಟ್ಟಿಗೂ ಧಗೆ ಆಗದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಪ್ರತಿ ಹತ್ತು ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹಳೇ ಮೇಣದ ಕೆಪಾಸಿಟರ್‌ಗಳ ಮೇಣವಂತೂ ಮೆತ್ತಗಾಗಿ ಜಿನುಗುತ್ತದೆ.

ಇಷ್ಟೆಲ್ಲಾ ಆದ ಮೇಲೆ ಕೂಲರ್. ಈ ಹೊತ್ತಿಗೆ ಮಧ್ಯಾಹ್ನ ನಾಲ್ಕಕ್ಕೆ ಕೋಣೆ 41ರ ಬದಲು 35ರಲ್ಲಿ ಇರುತ್ತಿತ್ತು, ಅದಕ್ಕೇ ಸಣ್ಣ ಕೂಲರ್ ಸಾಕಾಯಿತು. ನಮ್ಮ ಕಡೆಯ ಒಣ ಗಾಳಿ ಕೂಲರ್‌ಗೆ ಹೇಳಿ ಮಾಡಿಸಿದ್ದು. ಹೊರಗೆ 42 ಡಿಗ್ರಿ, ತೇವಾಂಶ 20 ಪರ್ಸೆಂಟ್ ಇದ್ದಾಗ ಒಳ್ಳೆಯ ಪ್ಯಾಡ್ ಇರುವ ಕೂಲರಿನ ಬಾಯಿಂದ 28ರ ಹತ್ತಿರದ ಗಾಳಿ ಬರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 0.67 ಯೂನಿಟ್ಟಿನಷ್ಟು ಶಾಖ ಹೀರುತ್ತದೆ. ತಾಸಿಗೆ ಐದು ಲೀಟರ್ ಆವಿಯಾದರೆ ಅದು ಒಂದು ಟನ್ ಎಸಿಯ ತಂಪಿಗೆ ಹತ್ತಿರ. ಎಸಿ ಅದಕ್ಕೆ ಒಂದು ಕಿಲೋವ್ಯಾಟ್ ಹತ್ತಿರ ಕೇಳುತ್ತದೆ, ನನ್ನ ಕೂಲರ್ ಕೇಳುವುದು 150 ವ್ಯಾಟ್. ಮಂಗಳೂರಿನಲ್ಲಿರುವ ನನ್ನ ತಂಗಿ ಇದನ್ನು ಕೇಳಿ ತಾನೂ ಕೊಳ್ಳಲು ಹೊರಟಿದ್ದಳು, ಬೇಡ ಅಂದೆ. ಅಲ್ಲಿಯ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ, ಕೂಲರ್ ಹಾಕಿದರೆ ಸೆಕೆ ಇನ್ನೂ ಜಾಸ್ತಿ.

ಕೂಲರ್ ಇಡುವ ರೀತಿಯೂ ಮುಖ್ಯ. ಅದು ಕಿಟಕಿಯ ಹೊರಗಿರಬೇಕು, ಹೊರಗಿನ ಒಣ ಗಾಳಿಯನ್ನೇ ಎಳೆಯಬೇಕು. ಎದುರಿನ ಕಿಟಕಿ ಸ್ವಲ್ಪ ತೆರೆದಿರಬೇಕು, ಇಲ್ಲದಿದ್ದರೆ ಅರ್ಧ ತಾಸಿನಲ್ಲಿ ಮೈಯೆಲ್ಲಾ ಅಂಟಂಟು. ನಾನು ಪೂರ್ವದ ಕಿಟಕಿಗೆ ಇಟ್ಟಿದ್ದೇನೆ, ಮಧ್ಯಾಹ್ನ ಆ ಕಡೆ ನೆರಳು. ಗಾಳಿ ನನ್ನ ಬೆನ್ನಿಗೆ ಬರುವ ಹಾಗೆ ತಿರುಗಿಸಿದ್ದೇನೆ, ಬೆಂಚಿಗಲ್ಲ. ಬೆಂಚಿಗೆ ಗಾಳಿ ಬಿದ್ದರೆ ಐರನ್ನಿನ ತುದಿ ತಣ್ಣಗಾಗಿ ಬೆಸುಗೆ ಸರಿ ಹಿಡಿಯುವುದಿಲ್ಲ, ಹಳೇ ಬಟ್ಟೆ ಸುತ್ತಿದ ವೈರು, ಟ್ರಾನ್ಸ್‌ಫಾರ್ಮರ್ ಸುತ್ತುಗಳು ತೇವ ಹೀರುತ್ತವೆ. ಕೆಲಸ ಮುಗಿಯುವ ಮೊದಲು ಅರ್ಧ ತಾಸು ಪಂಪ್ ನಿಲ್ಲಿಸಿ ಬರೀ ಫ್ಯಾನ್ ಓಡಿಸುತ್ತೇನೆ. ಪ್ಯಾಡ್ ಒಣಗುತ್ತದೆ, ವಾಸನೆ ಬರುವುದಿಲ್ಲ, ಕೋಣೆಯ ತೇವವೂ ಹೋಗುತ್ತದೆ. ಕ್ಯಾಬಿನೆಟ್ಟಿಗೆ ಅರಗಿನ ಪಾಲಿಶ್ ಹಾಕುವ ದಿನ ಕೂಲರ್ ಮುಟ್ಟುವುದಿಲ್ಲ, ತೇವಕ್ಕೆ ಪಾಲಿಶ್ ಮೇಲೆ ಬಿಳಿ ಮಂಜು ಕೂರುತ್ತದೆ. ಆ ಕೆಲಸ ಬೆಳಗಿನ ಜಾವಕ್ಕೆ.

ಕೂಲರಿಗೆ ಅರ್ಥಿಂಗ್ ಸರಿಯಾಗಿದೆಯೇ ಅಂತ ಪ್ರತಿ ಬೇಸಿಗೆಯ ಶುರುವಿನಲ್ಲಿ ಎಲೆಕ್ಟ್ರಿಷಿಯನ್ ಕರೆದು ನೋಡಿಸಿ. ತಗಡಿನ ಬಾಡಿ, ನೀರು, ಕರೆಂಟು ಮೂರೂ ಒಂದೇ ಕಡೆ ಇರುವ ಸಾಮಾನು ಇದು. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಲೈನ್ ಕಟ್ ಮಾಡುವ ಸ್ವಿಚ್) ಹಾಕಿಸಿದ್ದೇನೆ, ನೀರು ತುಂಬುವಾಗ ಪ್ಲಗ್ ಕಿತ್ತೇ ತುಂಬುತ್ತೇನೆ. ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಉಜ್ಜುತ್ತೇನೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಳೆಯುವುದು ಇಂಥ ನಿಂತ ನೀರಿನಲ್ಲೇ, ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಬೋರ್‌ವೆಲ್ ನೀರಿನ ಬಿಳಿ ಉಪ್ಪೂ ಹಾಗೇ ತೊಳೆದು ಹೋಗುತ್ತದೆ.

ಈಗ ಏಪ್ರಿಲ್ ಮಧ್ಯಾಹ್ನ ನಾಲ್ಕಕ್ಕೆ ಬೆಂಚಿನ ಹತ್ತಿರ 30 ಡಿಗ್ರಿ ಇರುತ್ತದೆ, ಶರ್ಟ್ ಒದ್ದೆಯಾಗದೆ ಆರರವರೆಗೆ ಕೂರುತ್ತೇನೆ. ಮೇ ಕೊನೆಯಲ್ಲಿ ಧೂಳುಗಾಳಿ, ಆಲಿಕಲ್ಲು ಶುರುವಾದರೆ ನೆಟ್ಟಿನ ಒಂದು ಬದಿಯ ಹಗ್ಗ ಸಡಿಲಿಸಿ ಇಡುತ್ತೇನೆ, ಬಿಗಿಯಾಗಿ ಬಿಟ್ಟರೆ ಪೈಪ್ ಸಮೇತ ಕಿತ್ತು ಪಕ್ಕದ ಮನೆ ಮೇಲೆ ಹೋಗಬಹುದು. ಜೂನ್‌ನಲ್ಲಿ ಎರಡು ಒಳ್ಳೆ ಮಳೆ ಆದ ಕೂಡಲೇ ಕೂಲರಿನ ಕೆಲಸ ಮುಗಿಯುತ್ತದೆ. ಪ್ಯಾಡ್ ತೊಳೆದು ಬಿಸಿಲಿಗೆ ಒಣಗಿಸಿ, ಟ್ಯಾಂಕ್ ಒರೆಸಿ, ಪಂಪ್ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತೇನೆ. ಉತ್ತರದ ತಗಡಿನ ಬಾಗಿಲು ಮಾತ್ರ ಹಾಗೇ ಉಳಿದಿದೆ. ಮೇ ಎರಡನೇ ವಾರದ ನಂತರ ಆ ಕಡೆಗೂ ಸ್ವಲ್ಪ ಬಿಸಿಲು ಬೀಳುತ್ತದೆ, ಮುಂದಿನ ಹೋಳಿಯೊಳಗೆ ಅದಕ್ಕೂ ಬಿಳಿ ಬಣ್ಣ ಹೊಡೆದು, ಒಳಮೈಗೆ ಪ್ಲೈವುಡ್ ಕೂರಿಸಬೇಕು.